ಕರ್ನಾಟಕದ ಕಚೇರಿಗಳು ಮತ್ತು ಒಳಾಂಗಣ ಕಲೆ

ಆಡಳಿತ, ನ್ಯಾಯದಾನ ಹಾಗೂ ಲೆಕ್ಕಪತ್ರದ ಕೆಲಸ ನಡೆಯುವ ಸ್ಥಳಗಳ ಗೋಡೆ, ಕಂಬ, ಬಾಗಿಲು ಮತ್ತು ಪೀಠೋಪಕರಣಗಳ ಅಲಂಕಾರಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. ಬೀದರ ಕೋಟೆಯ ದಿವಾನ್-ಎ-ಆಮ್, ಬೆಂಗಳೂರಿನ ಅಠಾರಾ ಕಚೇರಿ ಮತ್ತು ವಿಧಾನಸೌಧ ಇದರ ಪ್ರಮುಖ ನಿದರ್ಶನಗಳು.

ಪದಗಳು

ಕಚೇರಿಯನ್ನು ಸೂಚಿಸುವ 'ದಫ್ತರ' ಪಾರಸಿಯಿಂದ ಬಂದ ಪದ. ಅದರ ಮೂಲವಾದ ಗ್ರೀಕ್ ಪದಕ್ಕೆ ಹದಮಾಡಿದ ತೊಗಲು ಎಂದರ್ಥ. ಬರೆಯುವ ತೊಗಲಿನ ಹೆಸರು ಕಾಗದದ ಕಟ್ಟಿಗೆ, ಅಲ್ಲಿಂದ ಕಟ್ಟುಗಳಿರುವ ಕೋಣೆಗೆ ಬಂದಿತು. 'ಕಚೇರಿ' ಎಂಬ ಪದವಂತೂ ಕನ್ನಡದಲ್ಲಿ ಸಂಗೀತದ ಸಭೆಗೂ ಸಲ್ಲುತ್ತದೆ.

ಬೀದರ

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಸ್ಥಳಾಂತರಿಸಿದರು. ಕೋಟೆಯೊಳಗಿನ ದಿವಾನ್-ಎ-ಆಮ್ ಸಾರ್ವಜನಿಕ ಒಡ್ಡೋಲಗದ ಸ್ಥಳ. ಜಾಲಿ ಮಹಲ್ ಎಂಬ ಹೆಸರೂ ಅದಕ್ಕುಂಟು. ಅದರ ಮರದ ಕಂಬಗಳು ನಾಶವಾಗಿದ್ದು, ಅವು ನಿಂತಿದ್ದ ಕಲ್ಲಿನ ಪೀಠಗಳು ಮಾತ್ರ ಉಳಿದಿವೆ. ಗೋಡೆಗಳನ್ನು ಹೊದ್ದಿದ್ದ ಬಣ್ಣದ ಮೆರುಗು ಹೆಂಚುಗಳಲ್ಲಿ ಉಳಿದಿರುವುದು ಅಲ್ಪಭಾಗ. ಅಹವಾಲು ಹೊತ್ತು ಬಂದವನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಈ ಬಣ್ಣಗಳೇ ಆಗಿರಬೇಕು. ಮಹಮೂದ್ ಗವಾನನ ಮದರಸಾದ (1472) ಮುಂಭಾಗದಲ್ಲಿಯೂ ಇದೇ ಬಗೆಯ ಕೆಲಸವನ್ನು ಕಾಣಬಹುದು.

ಭಾಲ್ಕಿ, ಔರಾದ, ಮೆಹಕರ ಸೀಮೆಯ ಹಳ್ಳಿಗಳಲ್ಲಿ ಕಚೇರಿಯ ಕೆಲಸ ಹೆಚ್ಚಾಗಿ ವಾಡೆಯ ಪಡಸಾಲೆಯಲ್ಲಿಯೇ ಸಾಗುತ್ತಿತ್ತು. ಗಾದಿ, ಲೋಡು, ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ, ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದಗಳು: ಕುರ್ಚಿಯಿಲ್ಲದ ಈ ಕಚೇರಿಯ ಸಜ್ಜು ಇಷ್ಟೇ.

ಬೆಂಗಳೂರು

1831ರಿಂದ 1868ರವರೆಗೆ ಮೈಸೂರು ಆಡಳಿತದ ಕಚೇರಿಗಳು ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದವು. ತೇಗದ ಕಂಬ, ಕಮಾನುಗಳ ನಡುವೆ ಗುಮಾಸ್ತರು ಕುಳಿತು ಬರೆದರು. 1868ರಲ್ಲಿ ಹದಿನೆಂಟು ಇಲಾಖೆಗಳು ಕೆಂಪು ಬಣ್ಣದ ಹೊಸ ಕಟ್ಟಡಕ್ಕೆ ಹೋದುದರಿಂದ ಅದಕ್ಕೆ ಅಠಾರಾ ಕಚೇರಿ ಎಂಬ ಹೆಸರು ನಿಂತಿತು. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ವಿರೋಧಿಸಿದರು, ಕಟ್ಟಡ ಉಳಿಯಿತು.

ಅದರ ಎದುರಿನ ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ವಿನ್ಯಾಸವನ್ನು ದ್ರಾವಿಡ ಶೈಲಿಗೆ ತಿರುಗಿಸಿದರು. ಕಟ್ಟಡ ಪೂರ್ಣಗೊಂಡ 1956ರಲ್ಲಿಯೇ ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಸಚಿವ ಸಂಪುಟದ ಕೊಠಡಿಯ ಕೆತ್ತನೆಯ ಶ್ರೀಗಂಧದ ಬಾಗಿಲು ಪ್ರಸಿದ್ಧ. ಮುಂದೆ ತಾಲ್ಲೂಕು ಕೇಂದ್ರಗಳಲ್ಲಿ ಎದ್ದ 'ಮಿನಿ ವಿಧಾನಸೌಧ'ಗಳು ಹೆಸರನ್ನು ಪಡೆದವು. ಆ ಕುಸುರಿಯನ್ನು ಪಡೆಯಲಿಲ್ಲ.

ಚಿತ್ರಗಳಲ್ಲಿ

ಅಮೆರಿಕದ ಎಡ್ವರ್ಡ್ ಹಾಪರ್‌ನ 'ಆಫೀಸ್ ಅಟ್ ನೈಟ್' (1940) ರಾತ್ರಿಯ ಕಚೇರಿಯ ಮೌನವನ್ನು ಚಿತ್ರಿಸುತ್ತದೆ. ಜಾರ್ಜ್ ಟೂಕರ್‌ನ 'ಗವರ್ನಮೆಂಟ್ ಬ್ಯೂರೋ' (1956) ಚಿತ್ರದಲ್ಲಿ ಗಾಜಿನ ಹಿಂದಿನ ಗುಮಾಸ್ತರ ಕಣ್ಣುಗಳು ಮಾತ್ರ ಎದ್ದು ಕಾಣುತ್ತವೆ. ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣ್ ಅವರಿಗೆ ಮಂತ್ರಿಯ ಮೇಜು, ದೂರವಾಣಿ, ಕಡತದ ರಾಶಿಗಳೇ ಸಾಕಾಗಿದ್ದವು. ಕಚೇರಿಯನ್ನು ಇಷ್ಟು ಸರಳ ಗೆರೆಗಳಲ್ಲಿ ಹಿಡಿದವರು ವಿರಳ.

ಬಿದ್ರಿ

ಸತು ಮತ್ತು ಅಲ್ಪ ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಮೈಯನ್ನು ಕಪ್ಪಾಗಿಸುವ ಬಿದ್ರಿ ಕಲೆ ಹಿಂದೆ ಹುಕ್ಕಾ, ಪಾನ್‌ದಾನ್, ಹೂಜಿಗಳಿಗೆ ಹೆಸರಾಗಿತ್ತು. ಹುಕ್ಕಾದ ಬಳಕೆ ತಗ್ಗಿದ ಮೇಲೆ ಕುಶಲಕರ್ಮಿಗಳು ಲೇಖನಿದಾನಿ, ಕಾಗದದ ಗುಂಡು, ಸ್ಮರಣಿಕೆಗಳಂತಹ ಮೇಜಿನ ವಸ್ತುಗಳತ್ತ ಹೊರಳಿದರು. ಬೀದರದ ಹಲವು ಕುಟುಂಬಗಳ ಜೀವನೋಪಾಯಕ್ಕೆ ಇಂತಹ ವಸ್ತುಗಳ ಬೇಡಿಕೆಯೂ ಆಧಾರವಾಗಿದೆ.