ಲಾರಿಯವನ ಓದು

ಲಾರಿ ನಡೆಸುವವನಿಗೆ ಓದು ಯಾತಕ್ಕೆ ಎಂದು ಕೇಳುವವರು ಭಟ್ಕಳ, ಹೊನ್ನಾವರ, ಕುಮಟೆಗಳ ಪೇಟೆಗಳಲ್ಲಿ ಈಗಲೂ ಸಿಕ್ಕುತ್ತಾರೆ. ಹಾಗೆ ಕೇಳುವವರು ಬಹುಮಟ್ಟಿಗೆ ಲಾರಿಯನ್ನೇ ನಂಬಿ ಬದುಕುವವರು: ಅಡಿಕೆ ಮಂಡಿಯವರು, ಮೀನಿನ ವ್ಯಾಪಾರಿಗಳು, ಜಲ್ಲಿಯ ಗುತ್ತಿಗೆದಾರರು. ಅವರ ವಾದ ಸರಳವಾದುದು. ಕ್ಲೀನರಾಗಿ ನಾಲ್ಕು ಮಳೆಗಾಲ ಕಳೆದವನಿಗೆ ಘಟ್ಟದ ತಿರುವುಗಳೆಲ್ಲ ಬಾಯಿಪಾಠವಾಗಿರುತ್ತವೆ. ಪುಸ್ತಕ ಅದಕ್ಕಿಂತ ಹೆಚ್ಚಿನದನ್ನು ಏನು ಹೇಳೀತು? ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಮ್ಮ ಕೇರಿಯ ಹುಡುಗರು ಎಲ್.ಎಲ್.ಆರ್. ಪರೀಕ್ಷೆಯ ಪ್ರಶ್ನೋತ್ತರ ಪುಸ್ತಕ ಹಿಡಿದು ಸಂಜೆ ನಮ್ಮ ಜಗಲಿಗೆ ಬರುವುದುಂಟು. ಅವರಿಗೆ ಪಾಠ ಹೇಳುತ್ತ ಹೇಳುತ್ತ, ಈ ತೆಳ್ಳನೆಯ ಪುಸ್ತಕಕ್ಕೂ ಒಂದು ಚರಿತ್ರೆಯಿದೆಯೆಂಬುದು ನನಗೆ ಮನದಟ್ಟಾಯಿತು.

ನಮ್ಮ ಸೀಮೆಯ ಘಟ್ಟದ ರಸ್ತೆಗಳು ಮೋಟಾರಿಗಾಗಿ ಹುಟ್ಟಿದವಲ್ಲ, ಹತ್ತಿಗಾಗಿ ಬೆಳೆದವು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬರುತ್ತಿತ್ತು. ಕುಮಟೆಯ ಹೊಲದಲ್ಲಿ ಹತ್ತಿ ಬೆಳೆಯದಿದ್ದರೂ ಪರದೇಶದ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ, ಮುಂಬಯಿಯ ವರ್ತಕರ ಒತ್ತಾಯವೂ ಸೇರಿ, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆ ಗಾಡಿಯವರನ್ನು ಯಾರೂ ಪರೀಕ್ಷಿಸಲಿಲ್ಲ. ದಾರಿ ತಪ್ಪಿದರೆ ಎತ್ತುಗಳೇ ತಿದ್ದುತ್ತಿದ್ದವು. ಮೋಟಾರಿಗೆ ಆ ವಿವೇಕವಿಲ್ಲವಾದ್ದರಿಂದ ಕಾನೂನು ಬರಬೇಕಾಯಿತು.

ಭಾರತದಲ್ಲಿ ಮೊದಲನೆಯ ಮೋಟಾರು ಕಾಯಿದೆ 1914ರದು. ಅದರ ಜಾಗಕ್ಕೆ 1939ರದು ಬಂತು. ಈ ಎರಡನೆಯದರಲ್ಲಿ ಚಾಲಕನ ಯೋಗ್ಯತೆಯ ಪರೀಕ್ಷೆಗೊಂದು ಷೆಡ್ಯೂಲು, ರಸ್ತೆಯ ಗುರುತುಗಳಿಗೊಂದು, ನಡೆಸುವ ನಿಯಮಗಳಿಗೊಂದು, ಕೈಸನ್ನೆಗಳಿಗೊಂದು. ಇಂದಿನ ಪ್ರಶ್ನೋತ್ತರ ಪುಸ್ತಕದ ಅಜ್ಜ ಎನ್ನಬೇಕಾದರೆ ಇದನ್ನೇ ಎನ್ನಬೇಕು. ಆದರೆ ಅದು ಬ್ರಿಟಿಷ್ ಇಂಡಿಯದ ಕಾಯಿದೆ, ಸಂಸ್ಥಾನಗಳಿಗೆ ಅನ್ವಯಿಸುತ್ತಿರಲಿಲ್ಲ. ಆ ಕಾಲದ ಹೊನ್ನಾವರದ ಲಾರಿಯವನ ಪಾಡು ನೋಡಿ. ಅವನಿದ್ದುದು ಮುಂಬಯಿ ಪ್ರಾಂತದಲ್ಲಿ. ಭಟ್ಕಳ ದಾಟಿ ತೆಂಕಣಕ್ಕೆ ಹೋದರೆ ಮದರಾಸು. ಗೇರುಸೊಪ್ಪೆಯ ಘಟ್ಟ ಹತ್ತಿ ತಾಳಗುಪ್ಪ ಕಂಡರೆ ಮೈಸೂರು ಸಂಸ್ಥಾನ. ಬೆಳಿಗ್ಗೆ ಗಂಜಿ ಉಂಡು ಹೊರಟವನು ಸಂಜೆಯೊಳಗೆ ಎರಡು ಸರಕಾರಗಳ ಪೋಲೀಸರಿಗೆ ಉತ್ತರ ಹೇಳಬೇಕಾಗುತ್ತಿತ್ತು. 1956ರ ನವೆಂಬರ್ 1ರಂದು ಈ ಮೂರೂ ನೆಲ ಒಂದೇ ರಾಜ್ಯವಾದುದನ್ನು ನಾವು ಭಾಷೆಯ ಜಯವೆಂದು ಹಾಡುತ್ತೇವೆ. ಲಾರಿಯವನಿಗೆ ಅದು ಗಡಿಯ ಕಟ್ಟೆ ಕಳಚಿದ ದಿನವೂ ಆಗಿತ್ತು. ಇಂದು ಹೊನ್ನಾವರದಲ್ಲಿಯೇ ಸಾರಿಗೆ ಕಛೇರಿಯಿದೆ; ಇತ್ತಣ ವಾಹನಗಳ ಫಲಕದ ಮೇಲೆ ಕೆಎ 47 ಎಂದಿರುತ್ತದೆ.

ಗುರುತುಗಳ ಸಂಗತಿ ಇನ್ನೂ ಸ್ವಾರಸ್ಯದ್ದು. 1909ರಲ್ಲಿ ಪ್ಯಾರಿಸಿನಲ್ಲಿ ಸೇರಿದ ದೇಶಗಳು ಮೋಟಾರಿಗಾಗಿ ನಾಲ್ಕೇ ನಾಲ್ಕು ಚಿತ್ರಗಳನ್ನು ಒಪ್ಪಿದವು: ಉಬ್ಬು, ತಿರುವು, ಅಡ್ಡರಸ್ತೆ, ರೈಲು ದಾಟು. ಮಾತಿಗೆ ಬದಲು ಚಿತ್ರವೇಕೆ? ಪರದೇಶದಿಂದ ಬಂದವನಿಗೆ ಆ ನಾಡಿನ ಅಕ್ಷರ ಬಾರದಿದ್ದರೂ ಅಪಾಯ ತಿಳಿಯಲೆಂದು. 1968ರಲ್ಲಿ ವಿಯೆನ್ನದಲ್ಲಿ ಈ ಚಿತ್ರಭಾಷೆ ಇನ್ನಷ್ಟು ಬೆಳೆಯಿತು. ದುಂಡಗಿದ್ದರೆ ಅಪ್ಪಣೆ, ಮುಮ್ಮೂಲೆಯಾದರೆ ಎಚ್ಚರಿಕೆ, ಚೌಕವಾದರೆ ಮಾಹಿತಿ ಎಂದು ನಮ್ಮ ಹುಡುಗರು ಇಂದು ಉರು ಹೊಡೆಯುವುದು ಇದೇ ಭಾಷೆಯನ್ನು. ಅಕ್ಷರ ಬಾರದವನಿಗೂ ಸಲ್ಲುವಂತೆ ಹುಟ್ಟಿದ ಈ ಭಾಷೆಯ ನಾಡಿನಲ್ಲಿ, ಸಾರಿಗೆ ವಾಹನ ನಡೆಸುವವನು ಎಂಟನೆಯ ತರಗತಿ ಪಾಸಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 8ನೆಯ ನಿಯಮ ವಿಧಿಸಿತ್ತು. ಶಾಲೆ ಬಿಟ್ಟು ಕ್ಲೀನರಾದವನಿಗೆ ಅದು ಮುಚ್ಚಿದ ಬಾಗಿಲು. ಹರಿಯಾಣದ ಮೇವಾತ್ ಕಡೆಯ ಚಾಲಕರ ಅಳಲು ಕೇಳಿ, ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆಯೆಂದೂ ಹೇಳಿ, ಕೇಂದ್ರ ಸರಕಾರ ಆ ನಿಯಮವನ್ನು 2019ರಲ್ಲಿ ತೆಗೆಯಿತು. ಮಾಸ್ತರನಾದ ನಾನು ಇದಕ್ಕೆ ಮರುಗಬೇಕಾಗಿತ್ತೋ ಏನೋ. ನನಗೆ ಸಂತೋಷವೇ ಆಯಿತು. ಶಾಲೆಯ ಸರ್ಟಿಫಿಕೇಟು ಬೇರೆ, ರಸ್ತೆಯ ಓದು ಬೇರೆ.

ಆದರೆ ಪರೀಕ್ಷೆ ಹೋಗಲಿಲ್ಲ, ಹೋಗಲೂ ಬಾರದು. ಲಾರಿಯ ಹಾದಿ ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲು ಲಘು ವಾಹನದ ಲೈಸೆನ್ಸು, ಅದಕ್ಕೆ 18 ವರ್ಷ ತುಂಬಿರಬೇಕು. ಅದನ್ನು ಒಂದು ವರ್ಷವಾದರೂ ಹೊಂದಿದ್ದು, 20 ತುಂಬಿದ ಮೇಲೆ ಸಾರಿಗೆ ವಾಹನದ ಮಾತು. ಅದಕ್ಕೆ ತರಬೇತಿ ಶಾಲೆಯ ಪ್ರಮಾಣಪತ್ರ ಬೇರೆ. ಪುಸ್ತಕದ ಪರೀಕ್ಷೆ ಬರುವುದು ಮೊದಲ ಮೆಟ್ಟಿಲಿನಲ್ಲೇ. ಗುರುತುಗಳೂ ರಸ್ತೆಯ ನಿಯಮಗಳೂ, ಅಪಘಾತವಾದಾಗಿನ ಕರ್ತವ್ಯ, ಕಾವಲಿಲ್ಲದ ರೈಲು ದಾಟಿನ ಎಚ್ಚರ, ಜೊತೆಗಿರಬೇಕಾದ ಕಾಗದಪತ್ರ, ಇಷ್ಟು ವಿಷಯ; ನೂರಕ್ಕೆ 60 ಉತ್ತರ ಸರಿಯಿರಬೇಕು.

ಈ ರೈಲು ದಾಟಿನ ಪ್ರಶ್ನೆಯನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಮೂರು ತಾಲ್ಲೂಕುಗಳ ಹಳೆಯ ಡ್ರೈವರುಗಳು ಊರಿನಲ್ಲಿ ರೈಲನ್ನೇ ಕಂಡವರಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುದು 1998ರ ಜನವರಿಯಲ್ಲಿ. ದೇಶದ ಬ್ರಾಡ್‌ಗೇಜ್ ಮಾರ್ಗಗಳ ಮೇಲೆ ಕಾವಲಿಲ್ಲದ ದಾಟುಗಳನ್ನು 2019ರ ಆರಂಭಕ್ಕೆಲ್ಲ ಮುಗಿಸಿಬಿಟ್ಟರು. ಹೀಗೆ ನಮ್ಮವರು ರೈಲು ಬರುವ ಮೊದಲೂ ಈ ಪ್ರಶ್ನೆಗೆ ಉತ್ತರ ಕಲಿತರು, ದಾಟು ಹೋದ ಮೇಲೂ ಕಲಿಯುತ್ತಿದ್ದಾರೆ. ಆದರೂ 1988ರ ಕಾಯಿದೆಯ 131ನೆಯ ಕಲಮು ನನಗೆ ಇಷ್ಟವಾದುದು. ಅಂಥ ದಾಟು ಬಂದಾಗ ಚಾಲಕನು ವಾಹನ ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಇಳಿದು ನಡೆದುಹೋಗಿ, ರೈಲು ಬರುತ್ತಿಲ್ಲವೆಂದು ನೋಡಿ, ಆಮೇಲೆ ದಾಟಿಸಬೇಕು ಎನ್ನುತ್ತದೆ ಅದು. ಕ್ಲೀನರೆಂಬ ಪ್ರಾಣಿ ಈ ದೇಶದ ಕಾನೂನಿನಲ್ಲಿ ಹೆಸರು ಹಿಡಿದು ಬಂದಿದ್ದಾನೆ!

ನನ್ನಲ್ಲಿಗೆ ಬರುವವರಲ್ಲಿ ಒಬ್ಬ ಹುಡುಗ ಮೂರು ವರ್ಷ ಮೀನಿನ ಲಾರಿಯಲ್ಲಿ ಕ್ಲೀನರಾಗಿದ್ದವನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. “ಮಾಸ್ತರೇ, ಓದಿ ಯಾಕೆ? ಇದಕ್ಕೆ ಎರಡನೆಯದು ಸರಿ, ಇದಕ್ಕೆ ಮೂರನೆಯದು. ಅಷ್ಟು ನೆನಪಿದ್ದರೆ ಸಾಕಲ್ಲ?” ಎಂದ.

“ಎರಡನೆಯದರಲ್ಲಿ ಏನು ಬರೆದಿದೆಯೋ ಮಾರಾಯ?”

“ಅದು ಗೊತ್ತಿಲ್ಲ.”

ಅವನಿಗೆ ಬಂಡೆ ಉರುಳುವ ಚಿತ್ರವಿದ್ದ ಮುಮ್ಮೂಲೆಯನ್ನು ತೋರಿಸಿದೆ. ಅವನು ನಗಲಿಲ್ಲ. “ಶಿರೂರು” ಎಂದ. ಭಟ್ಕಳದಾಚೆಯ ಶಿರೂರಲ್ಲ, ಅಂಕೋಲೆಯದು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆಯ ಬದಿಯ ಚಹದಂಗಡಿಯೂ ಹೋಯಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಎತ್ತಿದುದು ಸೆಪ್ಟೆಂಬರ್ 25ರಂದು. ಅಂದಿನಿಂದ ನಮ್ಮ ಜಗಲಿಯಲ್ಲಿ ಆ ಚಿತ್ರಕ್ಕೆ ಉತ್ತರ ಉರು ಹೊಡೆಯಬೇಕಾಗಿಲ್ಲ.

ಬೇರೆ ಪ್ರಶ್ನೆಗಳು ಹಾಗಲ್ಲ. ಘಟ್ಟದ ಇಕ್ಕಟ್ಟಿನಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಇದನ್ನು ಹುಡುಗ ಬಲ್ಲ, ಹೇಗೆಂದರೆ ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಳೆಯುವ ಕಷ್ಟವನ್ನು, ಚಕ್ರದ ಹಿಂದೆ ಕಲ್ಲು ಇಡಲು ಓಡುವವನು ತಾನೇ ಆದುದರಿಂದ, ಮೈಯಾರೆ ಬಲ್ಲ. ಆದರೆ ಸರಕಿನ ಮೇಲೆ ಜನರನ್ನು ಕೂರಿಸಬಹುದೇ ಎಂಬ ಪ್ರಶ್ನೆಗೆ ಅವನ ಉತ್ತರ, “ಸಂತೆಯವರಾದರೆ ಕೂರಿಸಬಹುದು.” ಅವನು ಕಂಡದ್ದು ಅದನ್ನೇ. 2025ರ ಜನವರಿ 22ರ ಬುಧವಾರ ನಸುಕಿನಲ್ಲಿ, ಸವಣೂರಿನ ಕಡೆಯ ವ್ಯಾಪಾರಿಗಳು ತಮ್ಮ ಹಣ್ಣು ತರಕಾರಿಗಳ ಜೊತೆ ಲಾರಿಯಲ್ಲೇ ಕುಳಿತು ಕುಮಟೆಯ ಸಂತೆಗೆ ಹೊರಟಿದ್ದರು. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಲಾರಿ ಕಣಿವೆಗೆ ಉರುಳಿ 10 ಮಂದಿ ಸತ್ತರು. ಕಲಿಕೆಯಿಂದ ಬಂದ ಅರಿವು ಎಲ್ಲಿ ಸಾಲದಾಗುತ್ತದೆಂದು ನಾನು ಅಂದು ಹುಡುಗರಿಗೆ ಬೇರೆ ಉಪನ್ಯಾಸ ಮಾಡಲಿಲ್ಲ. ಸಂತೆಯ ದಿನ ಅದು. ಕುಮಟೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಟ್ಯಾಂಕರು ನಡೆಸುವವರ ಓದು ಇನ್ನೂ ಕಠಿಣ. ಅಪಾಯದ ಸರಕು ಒಯ್ಯುವವನಿಗೆ ಸಂವಿಧಾನದ ಎಂಟನೆಯ ಪರಿಚ್ಛೇದದ ಒಂದು ಭಾಷೆಯೂ ಇಂಗ್ಲಿಷೂ ಓದಿ ಬರೆಯಲು ಬರಬೇಕು, ಪ್ರತ್ಯೇಕ ತರಬೇತಿಯೂ ಆಗಬೇಕು ಎನ್ನುತ್ತದೆ 9ನೆಯ ನಿಯಮ. 2015ರ ಸೆಪ್ಟೆಂಬರಿನಲ್ಲಿ ಕುಮಟೆ ತಾಲ್ಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರು ಮಗುಚಿ ಹೊತ್ತಿದ ಬೆಂಕಿಯನ್ನು ನೆನೆದರೆ ಈ ಬಿಗಿಯನ್ನು ಹೆಚ್ಚೆನ್ನಲಾಗದು. ಹೊನ್ನಾವರದ ಹುಡುಗನ ಕೊಂಕಣಿ 1992ರಲ್ಲಿ ಆ ಪಟ್ಟಿಗೆ ಸೇರಿತು. ಭಟ್ಕಳದವನ ಮನೆಮಾತು ನವಾಯತಿ ಅದರಲ್ಲಿಲ್ಲ. ಇಬ್ಬರೂ ನನ್ನ ಬಳಿ ಕನ್ನಡದಲ್ಲೇ ಓದುತ್ತಾರೆ.

ಬ್ರಿಟನ್ನಿನಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದುದು 1935ರಲ್ಲಿ, ಪುಸ್ತಕದ ಪರೀಕ್ಷೆಯನ್ನು ಅದರಿಂದ ಬೇರ್ಪಡಿಸಿದುದು 1996ರಲ್ಲಿ. ಅಲ್ಲಿ ಕ್ಲೀನರೆಂಬ ಪಾಠಶಾಲೆ ಇರಲಿಲ್ಲ. ನಮ್ಮಲ್ಲಿ ಅದಿತ್ತು. ಎಡಬದಿಯ ಕಿಟಕಿಯಿಂದ ತಲೆ ಹೊರಹಾಕಿ, ಬಾಡಿಯನ್ನು ತಟ್ಟಿ ಡ್ರೈವರಿಗೆ ಅಂತರ ಹೇಳುತ್ತ, ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಬೈಸಿಕೊಳ್ಳುತ್ತ ವರ್ಷಗಟ್ಟಲೆ ಕಲಿಯುವ ಶಾಲೆ. ಅದರಲ್ಲಿ ಹೊಡೆತವೂ ಇತ್ತು, ಹಸಿವೂ ಇತ್ತು. ನಾನು ಅದನ್ನು ಹೊಗಳುತ್ತಿಲ್ಲ. ಈಗ ಹೆದ್ದಾರಿಯಲ್ಲಿ ಎಷ್ಟೋ ಲಾರಿಗಳು ಒಬ್ಬನೇ ಚಾಲಕನನ್ನಿಟ್ಟುಕೊಂಡು ಓಡುತ್ತವೆ. ಎಡಬದಿಯ ಆಸನ ಖಾಲಿ. ಭಾರೀ ವಾಹನದ ತರಬೇತಿ 30 ದಿನಕ್ಕೆ ಕಡಿಮೆಯಿರಕೂಡದೆಂದು ನಿಯಮವಿದೆ. ನಾಲ್ಕು ಮಳೆಗಾಲದ ಪಾಠಕ್ಕೆ ಇನ್ನು ಆ 30 ದಿನ ಮತ್ತು ಈ ತೆಳ್ಳನೆಯ ಪುಸ್ತಕ. ಆದ್ದರಿಂದಲೇ ಎರಡನೆಯದು ಸರಿ ಎಂದ ಹುಡುಗನಿಂದ ಆ ಎರಡನೆಯದನ್ನು ನಾನು ಗಟ್ಟಿಯಾಗಿ ಓದಿಸುತ್ತೇನೆ, ಅವನು ಎಷ್ಟು ಗೊಣಗಿದರೂ.