ಗ್ಯಾಸಿನ ರೇಟು ಇಳಿಸಿದ ಮೇಲೂ ಜನ ಮನೆಗೆ ಹೋಗಲಿಲ್ಲ

ಮೊನ್ನೆ ಟ್ರ್ಯಾಕ್ಟರಿಗೆ ಡೀಸೆಲ್ ತರೋಕೆ ಕ್ಯಾನ್ ಹಿಡ್ಕೊಂಡು ಬಂಕಿನಲ್ಲಿ ನಿಂತಿದ್ದೆ. ಪಕ್ಕದೂರಿನ ಹಿರಿಯರೊಬ್ಬರು, "ರೇಟು ಏರಿದ್ರೆ ನಾಲ್ಕು ದಿನ ಬೈಕೊಳ್ತೀವಿ, ಆಮೇಲೆ ಹಾಕಿಸ್ಕೊಂಡು ಹೋಗ್ತೀವಿ. ಇದಕ್ಕೆಲ್ಲ ಸರ್ಕಾರ ಬೀಳುತ್ತೇನಪ್ಪಾ?" ಅಂದ್ರು. ಬಿದ್ದಿದೆ ಸ್ವಾಮಿ, ಅದೂ ನಾಲ್ಕೇ ದಿನಕ್ಕೆ. ಕ್ಯೂನಲ್ಲಿ ಪೂರ್ತಿ ಹೇಳೋಕಾಗಲಿಲ್ಲ, ಇಲ್ಲಿ ಬರೀತಿದೀನಿ.

ಕಝಾಕಸ್ತಾನದ ಪಶ್ಚಿಮಕ್ಕೆ, ಕ್ಯಾಸ್ಪಿಯನ್ ಸಮುದ್ರದ ಕಡೆ ಝನಾವೊಝೆನ್ ಅಂತ ಒಂದು ಊರು. ಸುತ್ತ ಬರೀ ಒಣ ಬಯಲು, ಕೆಳಗೆ ತೈಲ, ಗ್ಯಾಸು. ಊರಿನವರ ಅನ್ನ ಅದರಿಂದಲೇ. ಅಲ್ಲಿನ ಹೆಚ್ಚಿನ ಕಾರುಗಳು ನಮ್ಮ ಪೇಟೆ ಆಟೊಗಳ ಹಾಗೆ ಎಲ್‌ಪಿಜಿಯಲ್ಲಿ ಓಡ್ತವೆ. ಪೆಟ್ರೋಲಿಗಿಂತ ಅಗ್ಗ ಅಂತ ಜನ ದುಡ್ಡು ಹಾಕಿ ಕಿಟ್ ಕೂರಿಸಿಕೊಂಡಿದ್ದರು.

2022ರ ಜನವರಿ 1ಕ್ಕೆ ಸರ್ಕಾರ ಗ್ಯಾಸಿನ ದರದ ಮೇಲಿದ್ದ ಹಿಡಿತ ಬಿಟ್ಟು ಮಾರುಕಟ್ಟೆಗೆ ಒಪ್ಪಿಸಿತು. ಲೀಟರಿಗೆ 60 ಟೆಂಗೆ ಇದ್ದದ್ದು 120 ಆಯಿತು. ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿ ಇದ್ದದ್ದು ಇಪ್ಪತ್ತು. ಇಷ್ಟಕ್ಕೇನಾ ಅಂತ ನಗಬೇಡಿ. ಕಾಲ ಕೆಳಗಿನ ಗ್ಯಾಸು ತಮಗೇ ದುಪ್ಪಟ್ಟಾದರೆ ಹೊಟ್ಟೆ ಉರಿಯದೇ ಇರುತ್ತಾ?

ಅದಕ್ಕಿಂತ ಹಳೇ ಗಾಯ ಇನ್ನೊಂದಿತ್ತು. 2011ರಲ್ಲಿ ಇದೇ ಊರಿನ ತೈಲ ಕಾರ್ಮಿಕರು ಸಂಬಳಕ್ಕಾಗಿ ತಿಂಗಳುಗಟ್ಟಲೆ ಮುಷ್ಕರ ಕೂತಿದ್ದರು. ಡಿಸೆಂಬರ್ 16ರಂದು, ಅದೂ ಅವರ ಸ್ವಾತಂತ್ರ್ಯ ದಿನ, ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಹತ್ತು ವರ್ಷ ತುಂಬಿ ಎರಡು ವಾರ ಆಗಿತ್ತಷ್ಟೇ, ಗ್ಯಾಸು ಏರಿತು.

ಜನವರಿ 2ಕ್ಕೆ ಜನ ರಸ್ತೆ ತಡೆದರು. ಅಧಿಕಾರಿಗಳು 85-90ಕ್ಕೆ ಇಳಿಸ್ತೀವಿ ಅಂದರು, ಒಪ್ಪಲಿಲ್ಲ. 4ನೇ ತಾರೀಕು ಅಧ್ಯಕ್ಷ ಟೊಕಾಯೆವ್ 50ಕ್ಕೇ ಇಳಿಸಿದರು, ಅಂದರೆ ಮೊದಲಿಗಿಂತಲೂ ಕಮ್ಮಿ. ಅಷ್ಟೊತ್ತಿಗೆ ಮಾತು ಗ್ಯಾಸು ದಾಟಿ ಹೋಗಿತ್ತು. ಸಾವಿರಾರು ಕಿಲೋಮೀಟರ್ ದೂರದ ಅಲ್ಮಾಟಿಯಲ್ಲೂ ಜನ ಬೀದಿಗಿಳಿದಿದ್ದರು. ಕೂಗು ಒಂದೇ: "ಶಾಲ್, ಕೆತ್!" ಮುದುಕ, ತೊಲಗು ಅಂತ. ಮುದುಕ ಅಂದರೆ ನಜರ್‌ಬಾಯೆವ್. ಸೋವಿಯತ್ ಕಾಲದಿಂದ ಆಳಿದವರು, 2019ರಲ್ಲಿ ಕುರ್ಚಿ ಬಿಟ್ಟರೂ ಭದ್ರತಾ ಮಂಡಳಿ ಕೈಯಲ್ಲೇ ಇಟ್ಟುಕೊಂಡಿದ್ದರು. ರಾಜಧಾನಿಗೇ ಅವರ ಹೆಸರಿಟ್ಟಿದ್ದರು, ನೂರ್-ಸುಲ್ತಾನ್ ಅಂತ.

5ಕ್ಕೆ ಮಂತ್ರಿಮಂಡಲ ರಾಜೀನಾಮೆ. ಆದರೆ ಟೊಕಾಯೆವ್ ಉಳಿದರು, ಇದನ್ನ ಗಮನಿಸಿ. ನಜರ್‌ಬಾಯೆವರನ್ನು ಮಂಡಳಿಯಿಂದ ಇಳಿಸಿ ತಾವೇ ಕೂತರು. ಅದೇ ದಿನ ಅಲ್ಮಾಟಿಯಲ್ಲಿ ನಗರಾಡಳಿತದ ಕಟ್ಟಡಕ್ಕೆ ಬೆಂಕಿ ಬಿತ್ತು, ವಿಮಾನ ನಿಲ್ದಾಣಕ್ಕೆ ಗುಂಪು ನುಗ್ಗಿತು, ಇಂಟರ್ನೆಟ್ ಬಂದ್. ತಾಲ್ಡಿಕೊರ್ಗಾನಿನಲ್ಲಿ ಮುದುಕರ ಪ್ರತಿಮೆ ಉರುಳಿಸಿದರು. ಮರುದಿನ ರಷ್ಯಾ ಕಡೆಯ ಸೈನ್ಯ ಬಂತು. 7ಕ್ಕೆ ಟೊಕಾಯೆವ್ ಟಿವಿಯಲ್ಲಿ, ಎಚ್ಚರಿಕೆ ಕೊಡದೇ ಗುಂಡು ಹಾರಿಸಿ ಅಂತ ಆದೇಶ ಕೊಟ್ಟಿದ್ದೀನಿ ಅಂದರು. ಬೀದಿಗಿಳಿದವರೆಲ್ಲ ಹೊರಗಿನ ತರಬೇತಿ ಪಡೆದ ಭಯೋತ್ಪಾದಕರು ಅನ್ನೋ ಅವರ ಮಾತನ್ನ ನಾನಂತೂ ನಂಬಲ್ಲ. ಲೂಟಿ ಮಾಡಿದವರೂ ಇದ್ದರು, ಸುಮ್ಮನೆ ನಿಂತವರೂ ಇದ್ದರು. ಕಾರಿನಲ್ಲಿ ಹೋಗ್ತಿದ್ದ ನಾಲ್ಕು ವರ್ಷದ ಹುಡುಗಿಯೂ ಗುಂಡಿಗೆ ಸತ್ತಳು.

ಸರ್ಕಾರದ ಲೆಕ್ಕದಲ್ಲೇ ಸತ್ತವರು 230ಕ್ಕೂ ಹೆಚ್ಚು, ಹಿಡಿದದ್ದು ಸಾವಿರಾರು ಜನರನ್ನ. ಹೆಚ್ಚಿನ ಸಾವು ಅಲ್ಮಾಟಿಯವು. ಮೊದಲು ಎದ್ದ ಝನಾವೊಝೆನ್‌ನವರು ಮಾತ್ರ ಕೊನೇವರೆಗೂ ಒಂದು ಕಲ್ಲೂ ಎತ್ತದ ಹಾಗೆ ಚೌಕದಲ್ಲಿ ಕೂತಿದ್ದರು. 2011 ಅವರಿಗೆ ನೆನಪಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ರಾಜಧಾನಿಗೆ ಮತ್ತೆ ಅಸ್ತಾನಾ ಅಂತಲೇ ಹೆಸರಿಟ್ಟರು.