ಮೊನೆ ಕಳೆದುಕೊಂಡ ಪದ

ಇಂಗ್ಲಿಷ್ ಪತ್ರಿಕೆಗಳ ಚಿತ್ರವಿಮರ್ಶೆಗಳಲ್ಲಿ, ಅಗಲಿದವರನ್ನು ನೆನೆಯುವ ಬರಹಗಳಲ್ಲಿ ‘ಪಾಯ್ನ್ಯಂಟ್’ ಎಂಬ ವಿಶೇಷಣ ಆಗಾಗ ಎದುರಾಗುತ್ತದೆ. ಅದನ್ನು ಕನ್ನಡಕ್ಕೆ ತರುವಾಗ ನಮ್ಮ ಲೇಖನಿ ಸಾಮಾನ್ಯವಾಗಿ ‘ಹೃದಯಸ್ಪರ್ಶಿ’ ಎಂದು ಬರೆದು ಮುಂದೆ ಸಾಗುತ್ತದೆ. ಸ್ಪರ್ಶವೆಂದರೆ ಮುಟ್ಟುವುದು. ಆದರೆ ಈ ಪದ ಹುಟ್ಟಿದ್ದು ಮುಟ್ಟುವುದರಿಂದಲ್ಲ, ಚುಚ್ಚುವುದರಿಂದ.

ಲ್ಯಾಟಿನ್ ಭಾಷೆಯಲ್ಲಿ ‘ಪುಂಗೆರೆ’ ಎಂಬ ಕ್ರಿಯಾಪದವಿದೆ. ಮೊನೆಯಿಂದ ಚುಚ್ಚು, ಇರಿ ಎಂಬುದು ಅದರ ಅರ್ಥ. ಹಳೆಯ ಫ್ರೆಂಚಿನಲ್ಲಿ ಅದು ‘ಪ್ವಾಂದ್ರ್’ ಎಂದು ಸವೆಯಿತು; ‘ಚುಚ್ಚುತ್ತಿರುವ’ ಎಂಬರ್ಥದ ಅದರ ಕೃದಂತವೇ ‘ಪಾಯ್ನ್ಯಂಟ್’ನ ಮೂಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ನ್ಯಾಯಾಲಯ, ಪಾಕಶಾಲೆಗಳಿಗೆ ಫ್ರೆಂಚ್ ಪದಗಳು ಧಾರಾಳವಾಗಿ ಹರಿದುಬಂದವು. ಆ ಸಾಲಿನಲ್ಲಿ ಬಂದ ಪದವಿದು. ಬರೆಯುವಾಗ ಉಳಿದು ನುಡಿಯುವಾಗ ಮರೆಯಾಗುವ ಅದರ ‘ಜಿ’ ಅಕ್ಷರ ಇಂದಿಗೂ ಆ ಫ್ರೆಂಚ್ ತವರಿನ ಗುರುತು.

ಇಂಗ್ಲಿಷಿಗೆ ಬಂದಾಗ ಅದು ಹೃದಯಕ್ಕಷ್ಟೇ ಅಲ್ಲ, ನಾಲಗೆಗೂ ಹೋಯಿತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ನ ಪೀಠಿಕೆಯಲ್ಲಿ ಊಟಪ್ರಿಯನಾದ ಒಬ್ಬ ಜಮೀನುದಾರನನ್ನು ಚಿತ್ರಿಸುತ್ತಾನೆ. ಅವನ ಮನೆಯ ವ್ಯಂಜನ ‘ಪಾಯ್ನ್ಯಂಟ್’ ಆಗಿರದಿದ್ದರೆ ಅಡುಗೆಯವನಿಗೆ ಉಳಿಗಾಲವಿರಲಿಲ್ಲ. ಅಂದರೆ, ಅದು ನಾಲಗೆಗೆ ಚುರುಕ್ಕೆನ್ನಬೇಕಿತ್ತು. ಸುಮಾರು ಇನ್ನೂರು ವರ್ಷಗಳ ಅನಂತರ, 1590ರಲ್ಲಿ ಪ್ರಕಟವಾದ ‘ಫೇರಿ ಕ್ವೀನ್’ ಕಾವ್ಯದಲ್ಲಿ ಸ್ಪೆನ್ಸರ್ ಇದೇ ಪದವನ್ನು ಈಟಿಗೆ ವಿಶೇಷಣವಾಗಿ ಬಳಸಿದ. ಸಾರು, ಈಟಿ, ದುಃಖ ಮೂರಕ್ಕೂ ಒಂದೇ ಪದ ಸಲ್ಲುತ್ತಿದ್ದ ಕಾಲವದು.

ಇದಕ್ಕೊಬ್ಬ ಸೋದರನಿದ್ದಾನೆ: ‘ಪಂಜೆಂಟ್’. ಅದೇ ಧಾತುವಿನಿಂದ, ಫ್ರೆಂಚಿನ ಹಂಗಿಲ್ಲದೆ ನೇರ ಲ್ಯಾಟಿನ್ನಿನಿಂದ ಹದಿನಾರನೆಯ ಶತಮಾನದ ಕೊನೆಗೆ ಬಂದವನು. ಅವನು ಮೊದಲು ನೆಲೆಸಿದ್ದು ನೋವು ಸಂಕಟಗಳ ಮನೆಯಲ್ಲಿ. ಕಾಲಕ್ರಮದಲ್ಲಿ ಅಣ್ಣತಮ್ಮಂದಿರು ಮನೆ ಬದಲಾಯಿಸಿಕೊಂಡರು. ನಾಲಗೆಯಲ್ಲಿದ್ದವನು ಎದೆಗೆ ಹೋದ. ಎದೆಯಲ್ಲಿದ್ದವನು ನಾಲಗೆಗೂ ಮೂಗಿಗೂ ಬಂದು ಘಾಟಾದ. ಸಸ್ಯಶಾಸ್ತ್ರಜ್ಞರು ಮಾತ್ರ ತುದಿ ಮುಳ್ಳಾಗಿರುವ ಎಲೆಯನ್ನು ಈಗಲೂ ‘ಪಂಜೆಂಟ್’ ಎಂದೇ ಕರೆದು ಮೂಲಾರ್ಥವನ್ನು ಕಾಪಾಡಿದ್ದಾರೆ.

ಬಳಗ ಇನ್ನೂ ದೊಡ್ಡದು. ಚುಚ್ಚಿದ ಗುರುತೇ ‘ಪಾಯಿಂಟ್’. ಆ ಬಿಂದುವಿಗೆ ಸರಿಯಾಗಿ ನಿಲ್ಲುವವನು ‘ಪಂಕ್ಚುಯಲ್’. ನಮ್ಮ ಕಚೇರಿಗಳ ಹಾಜರಿ ಯಂತ್ರದ ಹಿಂದೆಯೂ, ಸೈಕಲ್ಲಿನ ‘ಪಂಕ್ಚರ್’ ಹಿಂದೆಯೂ ಇರುವುದು ಒಂದೇ ಧಾತು. ಹಸ್ತಪ್ರತಿಗಳ ಕಾಲದಲ್ಲಿ ತಪ್ಪಾದ ಅಕ್ಷರದ ಕೆಳಗೆ ಚುಕ್ಕೆಯಿಟ್ಟು ಅದನ್ನು ಕೈಬಿಡಬೇಕೆಂದು ಸೂಚಿಸುತ್ತಿದ್ದರು. ಲೋಕಸಭೆಯ ಕಡತದಿಂದ ಸಲ್ಲದ ಮಾತನ್ನು ತೆಗೆಯಲು ಸಭಾಧ್ಯಕ್ಷರು ಆದೇಶಿಸುವಾಗ ಬಳಸುವ ‘ಎಕ್ಸ್‌ಪಂಜ್’ ಕೂಡ ಈ ಮನೆತನದ್ದೇ.

ಇವರೆಲ್ಲರಲ್ಲಿ ಗಂಭೀರನಾದವನು ‘ಕಂಪಂಕ್ಷನ್’. ಪಾಪದ ಅರಿವು ಎದೆಯನ್ನು ಚುಚ್ಚುವುದನ್ನು ಕ್ರೈಸ್ತ ಧರ್ಮಬೋಧಕರು ಈ ಪದದಿಂದ ಸೂಚಿಸಿದರು. ಪರರ ನೋವು ನಮ್ಮನ್ನು ಇರಿದರೆ ಅದು ಪಾಯ್ನ್ಯಂಟ್. ನಮ್ಮ ತಪ್ಪೇ ನಮ್ಮನ್ನು ಇರಿದರೆ ಕಂಪಂಕ್ಷನ್. ಮೊನೆ ಮಾತ್ರ ಒಂದೇ.

ಈ ಎರಡು ಇರಿತಗಳನ್ನೂ ಕನ್ನಡಿಗರು ಬಾಲ್ಯದಲ್ಲೇ ಬಲ್ಲರು. ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿ ಕರುವನ್ನು ತಬ್ಬಲಿ ಮಾಡಿ ಹೊರಡುವ ಗಳಿಗೆ ಕೇಳುವವರ ಕರುಳನ್ನು ಚುಚ್ಚುತ್ತದೆ. ಕೊಟ್ಟ ಮಾತಿಗೆ ಮರಳಿ ಬಂದ ಹಸುವಿನ ಸತ್ಯ ಹುಲಿಯ ಎದೆಯನ್ನು ಚುಚ್ಚುತ್ತದೆ. ಆ ಚುಚ್ಚನ್ನು ತಾಳಲಾರದೆ ಅದು ಪ್ರಾಣ ಬಿಡುತ್ತದೆ. ಅದನ್ನು ‘ಹೃದಯಸ್ಪರ್ಶಿ ಪ್ರಸಂಗ’ವೆಂದರೆ ಎಷ್ಟು ಕಡಿಮೆಯಾದೀತು!

ಇಂಗ್ಲಿಷಿನಲ್ಲೂ ಈ ಪದ ಅತಿಬಳಕೆಯಿಂದ ಮೊಂಡಾಗಿದೆ. ನವಿರಾದ ವಿಷಾದಕ್ಕೆಲ್ಲ ಅದೇ ವಿಶೇಷಣ. ಮೊಂಡಾದುದನ್ನು ನಾವು ಇನ್ನಷ್ಟು ಮೃದುಗೊಳಿಸಿ ಆಮದು ಮಾಡಿಕೊಳ್ಳುತ್ತೇವೆ. ಕನ್ನಡದಲ್ಲಿ ಮೊನೆಗೇನೂ ಬರವಿಲ್ಲ. ‘ಮನಸ್ಸಿಗೆ ನಾಟುವ’, ‘ಎದೆ ಇರಿಯುವ’, ‘ಮರ್ಮಭೇದಿ’ ಎಂಬ ನುಡಿಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ‘ಕರುಳು ಚುರುಕ್ಕೆಂದಿತು’ ಎಂಬ ಮನೆಮಾತಿದೆ. ಖಾರಕ್ಕೂ ಬಿಸಿಲಿಗೂ ಸಂಕಟಕ್ಕೂ ಸಲ್ಲುವ ಆ ‘ಚುರುಕ್’ ಚಾಸರನ ಪದಕ್ಕೆ ಸರಿಸಾಟಿ.

ಊರಿನಿಂದ ದೂರವಿದ್ದು, ದಿನವೂ ಎರಡು ಮೂರು ಭಾಷೆಗಳ ನಡುವೆ ಓಡಾಡುವ ನಮಗೆ ಇದು ಕೇವಲ ನಿಘಂಟಿನ ವಿಚಾರವಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಪತ್ರವನ್ನು ‘ಹೃದಯಸ್ಪರ್ಶಿ’ ಎಂದಾಗ ನಾವು ಆ ಪತ್ರವನ್ನು ಮೆಚ್ಚಿಕೊಂಡಂತಾಗುತ್ತದೆ. ‘ಎದೆ ಇರಿಯಿತು’ ಎಂದಾಗ ಅವಳ ಗಾಯದಲ್ಲಿ ಒಂದಿಷ್ಟನ್ನು ನಮ್ಮದೆಂದು ಒಪ್ಪಿಕೊಂಡಂತಾಗುತ್ತದೆ.